ಬಿಟ್ಟುಬಂದ ಊರು, ಬಿಡದ ಊರು

ವಿಮರ್ಶೆ ಬರೆಯುವವನು ತನ್ನ ಹಳೆಯ ತೀರ್ಪನ್ನು ತಾನೇ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿ ಬರುವುದು ಸುಖದ ಸಂಗತಿಯಲ್ಲ. ಹಾಗೆಂದು ಸುಮ್ಮನಿದ್ದುಬಿಡುವುದು ಅದಕ್ಕಿಂತ ಕಷ್ಟ. ಅಮೆರಿಕದ ಚಿತ್ರನಟಿ ಎಮ್ಮಾ ಸ್ಟೋನ್ ವಿಷಯದಲ್ಲಿ ನನಗೆ ಒದಗಿರುವುದು ಈ ಇಕ್ಕಟ್ಟು. 'ಲಾ ಲಾ ಲ್ಯಾಂಡ್' ಚಿತ್ರ ನಮ್ಮಲ್ಲಿಗೆ ಬಂದಾಗ ಅಕ್ಕನ ಮಗಳನ್ನು ಕರೆದುಕೊಂಡು ಹೋಗಿ ನೋಡಿದ್ದೆ. ಹೊರಗೆ ಬಂದು ಕಾಫಿ ಕುಡಿಯುತ್ತಿರುವಾಗ, "ದೊಡ್ಡ ಕಣ್ಣು, ಒಡಕು ಕಂಠ, ಇಷ್ಟೇ ಈಕೆಯ ಬಂಡವಾಳ. ಉಳಿದದ್ದೆಲ್ಲ ಬಣ್ಣ, ಬೆಳಕು, ವಾದ್ಯ" ಎಂದು ತೀರ್ಪು ಕೊಟ್ಟುಬಿಟ್ಟೆ. ಹುಡುಗಿ ಎದುರಾಡಲಿಲ್ಲ. ಸ್ವಲ್ಪ ಹೊತ್ತು ಲೋಟ ನೋಡುತ್ತ ಕುಳಿತಿದ್ದು, "ಮಾವ, ಅವಳು ಸೋತು ಊರಿಗೆ ವಾಪಸು ಹೋಗ್ತಾಳಲ್ಲ, ಆ ಭಾಗ ನೀವು ಸರಿಯಾಗಿ ನೋಡಿದ್ರಾ?" ಎಂದಳು. ನೋಡಿದ್ದೆ. ಆದರೆ ಸರಿಯಾಗಿ ನೋಡಿದ್ದೆನೆಂದು ಎದೆ ಮುಟ್ಟಿ ಹೇಳಲಾರದೆ ಹೋದೆ.

ಅಂದಿನಿಂದ ಆಕೆಯ ಚಿತ್ರಗಳನ್ನು ಬಂದಬಂದಂತೆ ನೋಡುತ್ತಿದ್ದೆ. ಈಚೆಗೆ ಮೊದಲಿನವನ್ನೂ ಹುಡುಕಿ, ಕಾಲಾನುಕ್ರಮದಲ್ಲಿ ಮತ್ತೊಮ್ಮೆ ನೋಡಿ ಮುಗಿಸಿದೆ. ಎರಡು ಸಲ ಅತ್ಯುತ್ತಮ ನಟಿಯೆಂದು ಆಸ್ಕರ್ ಪಾರಿತೋಷಕ ಪಡೆದವಳಿಗೆ ನನ್ನ ಪ್ರಮಾಣಪತ್ರದಿಂದ ಆಗಬೇಕಾದ್ದೇನೂ ಇಲ್ಲ. ಆದರೆ ಪಾರಿತೋಷಕಗಳು ಒಬ್ಬಳು ಗೆದ್ದಳೆಂದು ಸಾರಬಲ್ಲವು, ಏನನ್ನು ಗೆದ್ದಳೆಂದು ತಿಳಿಸಲಾರವು. ಅದನ್ನು ತಿಳಿಯಲು ನಾವೇ ಕುಳಿತು ನೋಡಬೇಕು. ನೋಡಿದ ಮೇಲೆ ನನಗೆ ತೋರಿದ್ದು ಇಷ್ಟು: ಪರರ ಒಪ್ಪಿಗೆಗಾಗಿ ವೇಷ ಕಟ್ಟುವ ಮನುಷ್ಯನೇ ಈಕೆಯ ನಿಜವಾದ ವಸ್ತು. ಆ ವಸ್ತು ಆಕೆಗೆ ದೊರೆತದ್ದು ಬಿಟ್ಟುಬಂದ ಊರಿನಲ್ಲಿ. ಊರನ್ನು ನೆನೆದಾಗಲೆಲ್ಲ ಈಕೆ ಗೆದ್ದಿದ್ದಾಳೆ, ಮರೆತಾಗ ಸೋತಿದ್ದಾಳೆ.

ಊರು ಅರಿಜೋನ ಸಂಸ್ಥಾನದ ಸ್ಕಾಟ್ಸ್‌ಡೇಲ್. ಫೀನಿಕ್ಸ್ ಮಹಾನಗರದ ಮಗ್ಗುಲಿಗೆ, ಸೊನೋರ ಮರುಭೂಮಿಯಲ್ಲಿ ಹಬ್ಬಿಕೊಂಡಿರುವ ಉಪನಗರ ಅದು. 1888ರಲ್ಲಿ ವಿನ್‌ಫೀಲ್ಡ್ ಸ್ಕಾಟ್ ಎಂಬ ಸೇನಾ ಪಾದ್ರಿ ಅಲ್ಲಿ ಜಮೀನು ಕೊಂಡು ಬೇಸಾಯ ಹೂಡಿದ. 1951ರಲ್ಲಿ ಅದಕ್ಕೆ ಪುರಸಭೆಯ ಸ್ಥಾನ ದೊರೆತಾಗ ಅಲ್ಲಿದ್ದ ಜನ ಸುಮಾರು 2,000. 2020ರ ಜನಗಣತಿಯ ಹೊತ್ತಿಗೆ ಆ ಸಂಖ್ಯೆ 2,40,000ವನ್ನು ದಾಟಿತ್ತು. ನೀರಿಲ್ಲದ ನೆಲದಲ್ಲಿ ಹಸುರು ಗಾಲ್ಫ್ ಮೈದಾನಗಳು, ವಿಹಾರಕ್ಕೆ ಬರುವ ಧನಿಕರಿಗಾಗಿ ಹೋಟೆಲುಗಳು, ಒಂದರ ಪಡಿಯಚ್ಚಿನಂತೆ ಇನ್ನೊಂದು ಮನೆ. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1937ರಲ್ಲಿ ತನ್ನ ಚಳಿಗಾಲದ ಶಿಬಿರವನ್ನು ಅಲ್ಲಿಯೇ ಕಟ್ಟಿಸಿದನೆಂಬುದು ಊರಿಗೆ ಹೆಮ್ಮೆ. 'ಪಶ್ಚಿಮದ ಊರುಗಳಲ್ಲೆಲ್ಲ ಅಪ್ಪಟ ಪಶ್ಚಿಮದ ಊರು' ಎಂದು ತನ್ನನ್ನು ತಾನೇ ಬಣ್ಣಿಸಿಕೊಳ್ಳುವ ಪದ್ಧತಿಯೂ ಅದಕ್ಕಿದೆ. ಅಪ್ಪಟವಾದದ್ದು ಹಾಗೆ ಹೇಳಿಕೊಳ್ಳುತ್ತದೆಯೇ ಎಂಬ ಸಂಶಯ ಓದುಗರಿಗೆ ಬಂದರೆ ತಪ್ಪಲ್ಲ. ಊರೇ ಒಂದು ವೇಷ ತೊಟ್ಟು ನಿಂತಂತಿದೆ.

ಅಲ್ಲಿ 1988ರ ನವೆಂಬರಿನಲ್ಲಿ ಎಮಿಲಿ ಜೀನ್ ಸ್ಟೋನ್ ಹುಟ್ಟಿದಳು. ತಂದೆ ಕಟ್ಟಡ ಗುತ್ತಿಗೆಯ ಸಂಸ್ಥೆ ನಡೆಸಿದವರು. ಕೂಸಾಗಿದ್ದಾಗ ಹೊಟ್ಟೆನೋವಿನಿಂದ ಎಡೆಬಿಡದೆ ಅತ್ತು ಅತ್ತು ಗಂಟಲು ಒಡೆದದ್ದೇ ತನ್ನ ಕಂಠದ ಗೊಗ್ಗರಿಗೆ ಕಾರಣವೆಂದು ಆಕೆ ಹೇಳಿಕೊಂಡಿದ್ದಾಳೆ. ಬಾಲ್ಯದಲ್ಲಿ ಕಾರಣವಿಲ್ಲದ ದಿಗಿಲು ಆಗಾಗ ಬಂದು ಕವಿಯುತ್ತಿದ್ದುದನ್ನೂ, ನಾಟಕ ಅದಕ್ಕೆ ಮದ್ದಾದುದನ್ನೂ ಆಕೆ ಮುಚ್ಚಿಟ್ಟಿಲ್ಲ. ಫೀನಿಕ್ಸಿನ ಮಕ್ಕಳ ರಂಗಸಂಸ್ಥೆ ವ್ಯಾಲಿ ಯೂತ್ ಥಿಯೇಟರಿನಲ್ಲಿ 2000ದಲ್ಲಿ, ಹನ್ನೊಂದರ ಪ್ರಾಯದಲ್ಲಿ, ಒಂದು ನೀರುನಾಯಿಯ ಪಾತ್ರದಿಂದ ಆಕೆಯ ಅಭಿನಯ ಆರಂಭವಾಯಿತು.

ಮುಂದಿನ ಕಥೆ ಎಲ್ಲರೂ ಬಲ್ಲದ್ದು. ಚಿತ್ರಗಳಲ್ಲಿ ನಟಿಸಬೇಕೆಂಬ ಆಸೆ ಹತ್ತಿದಾಗ ಈ ಹುಡುಗಿ ಹಟ ಹಿಡಿಯಲಿಲ್ಲ, ಉಪವಾಸ ಕೂರಲಿಲ್ಲ. ಕಚೇರಿಗಳಲ್ಲಿ ಅಧಿಕಾರಿಗಳ ಮುಂದೆ ಯೋಜನೆ ಮಂಡಿಸುವವರಂತೆ ಪವರ್‌ಪಾಯಿಂಟ್ ಪುಟಗಳನ್ನು ಜೋಡಿಸಿ, 'ಪ್ರಾಜೆಕ್ಟ್ ಹಾಲಿವುಡ್' ಎಂದು ಹೆಸರಿಟ್ಟು, ಹಿನ್ನೆಲೆಗೆ ಸಂಗೀತವನ್ನೂ ಸೇರಿಸಿ, ತಂದೆತಾಯಿಯರನ್ನು ಎದುರಿಗೆ ಕೂರಿಸಿ ತನ್ನ ವಾದ ಮಂಡಿಸಿದಳು. 2004ರ ಜನವರಿಯಲ್ಲಿ, ಹದಿನೈದರ ಹರೆಯದಲ್ಲಿ, ತಾಯಿಯೊಡನೆ ಲಾಸ್ ಏಂಜಲಿಸ್ ಸೇರಿದಳು. ನಾಯಿಗಳಿಗೆ ತಿನಿಸು ಬೇಯಿಸುವ ಬೇಕರಿಯಲ್ಲಿ ಅರೆಹೊತ್ತು ಕೆಲಸ, ಉಳಿದ ಹೊತ್ತು ಆಡಿಷನ್ನುಗಳ ಬಾಗಿಲು ಕಾಯುವುದು. ಇದನ್ನು ನಗೆಯ ಪ್ರಸಂಗವೆಂದು ಹೇಳುವವರೇ ಹೆಚ್ಚು. ನನಗೆ ಇದರಲ್ಲಿ ಆಕೆಯ ಕಲೆಯ ಬೀಜ ಕಾಣುತ್ತದೆ. ಮನೆಯವರೆದುರು ನಡೆದ ಆ ಮಂಡನೆಯೇ ಆಕೆಯ ಮೊದಲ ಆಡಿಷನ್. ಒಳಗೆ ದಿಗಿಲು, ಹೊರಗೆ ನಗುಮುಖ, ಕೈಯಲ್ಲಿ ಸಿದ್ಧಪಡಿಸಿದ ಮಾತು. ಎದುರಿಗೆ ತೀರ್ಪು ಕೊಡುವವರು. ಈ ನಾಲ್ಕೂ ಆಕೆಯ ಒಳ್ಳೆಯ ಚಿತ್ರಗಳಲ್ಲೆಲ್ಲ ಮರಳಿ ಮರಳಿ ಬರುತ್ತವೆ.

ಮೊದಲ ವರ್ಷಗಳ ಚಿತ್ರಗಳನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. 2007ರ 'ಸೂಪರ್‌ಬ್ಯಾಡ್' ಹುಡುಗರ ಚಿತ್ರ. ಅದರಲ್ಲಿ ಈಕೆಗೆ ಇದ್ದುದು ಹುಡುಗರು ಆಸೆಪಡುವ ಹುಡುಗಿಯ ಸ್ಥಾನ. ಸಹಜವಾಗಿ ಹೊಂಗೂದಲಿನ ಈಕೆಗೆ ಕೆಂಗೂದಲು ಬಂದದ್ದು ಈ ಚಿತ್ರಕ್ಕಾಗಿ. ಆಹಾರ್ಯವೇ ಒಬ್ಬಳ ಹಣೆಬರೆಹವನ್ನು ತಿದ್ದಬಲ್ಲ ಉದ್ಯಮ ಅದು. 2009ರ 'ಝೊಂಬಿಲ್ಯಾಂಡ್'ನಲ್ಲಿ ಠಕ್ಕು ಕಲಿತ ಹುಡುಗಿಯಾಗಿ ಚುರುಕು ತೋರಿದಳು. ಆದರೆ ಈಕೆಯನ್ನು ಈಕೆಯಾಗಿಯೇ ಮೊದಲು ಕಂಡದ್ದು 2010ರ 'ಈಸಿ ಎ' ಚಿತ್ರದಲ್ಲಿ.

ಹಾಥಾರ್ನ್ 1850ರಲ್ಲಿ ಬರೆದ 'ದಿ ಸ್ಕಾರ್ಲೆಟ್ ಲೆಟರ್' ಕಾದಂಬರಿಯ ನೆರಳು ಈ ಚಿತ್ರದ ಮೇಲಿದೆ. ಕ್ಯಾಲಿಫೋರ್ನಿಯದ ಓಹಾಯ್ ಎಂಬ ಸಣ್ಣ ಊರಿನ ಶಾಲೆಯ ಹುಡುಗಿ ಆಲಿವ್, ತಾನು ಒಬ್ಬನೊಡನೆ ಶೀಲ ಕಳೆದುಕೊಂಡೆನೆಂದು ಗೆಳತಿಯ ಬಾಯಿ ಮುಚ್ಚಿಸಲು ಒಂದು ಸುಳ್ಳು ಹೇಳುತ್ತಾಳೆ. ಸುಳ್ಳು ಊರಾಗುತ್ತದೆ. ಕೆಲವು ಹುಡುಗರು ತಮ್ಮ ಮಾನ ಉಳಿಸಿಕೊಳ್ಳಲು ಇದೇ ಸುಳ್ಳಿನ ಆಸರೆ ಬೇಡುತ್ತಾರೆ, ಇವಳು ಕೊಡುತ್ತಾಳೆ. ಕೊನೆಗೆ ಎದೆಯ ಮೇಲೆ ಕೆಂಪಕ್ಷರ ಹೊಲಿದುಕೊಂಡು ಶಾಲೆಗೆ ಬರುತ್ತಾಳೆ. ಕಥೆಯನ್ನೆಲ್ಲ ಅವಳು ಗಣಕಯಂತ್ರದ ಕ್ಯಾಮೆರಾದ ಮುಂದೆ ಕುಳಿತು, ಅಧ್ಯಾಯ ಅಧ್ಯಾಯವಾಗಿ, ಊರವರಿಗೆ ನಿವೇದಿಸಿಕೊಳ್ಳುವ ರೀತಿಯಲ್ಲಿ ಹೇಳುತ್ತಾಳೆ. ಮತ್ತೆ ಅದೇ ಮಂಡನೆ.

ಆದರೆ ನನಗೆ ಮುಖ್ಯವಾದ ದೃಶ್ಯ ಬೇರೊಂದು. ಆ ಮೊದಲ ಸುಳ್ಳಿನ ಹಿಂದೆ ಏನಿತ್ತು? ವಾರದ ಕೊನೆಯಲ್ಲಿ ಎಲ್ಲಿಗೋ ಹೋಗಲಿದೆಯೆಂದು ಹೇಳಿಕೊಂಡ ಹುಡುಗಿ ಎರಡು ದಿನ ಮನೆಯಲ್ಲಿ ಒಬ್ಬಳೇ ಇದ್ದಳು, ಅಷ್ಟೆ. ಅಜ್ಜಿ ಕಳಿಸಿದ ಶುಭಾಶಯ ಪತ್ರ ಬಿಚ್ಚಿದರೆ ಒಂದು ಹಾಡು ಕೇಳುತ್ತದೆ. ಮೊದಲ ಸಲ ಕೇಳಿ ಮೂಗು ಮುರಿಯುತ್ತಾಳೆ. ಮತ್ತೆ ಬಿಚ್ಚುತ್ತಾಳೆ. ಭಾನುವಾರದ ಹೊತ್ತಿಗೆ ಸ್ನಾನದ ಮನೆಯಲ್ಲಿ ನಿಂತು ಅದೇ ಹಾಡನ್ನು ಗಂಟಲು ಬಿಚ್ಚಿ ಹಾಡುತ್ತಿರುತ್ತಾಳೆ. ನಗು ಬರುತ್ತದೆ, ನಕ್ಕ ಮೇಲೆ ಒಳಗೆ ಏನೋ ಚುಚ್ಚುತ್ತದೆ. ಉಪನಗರದ ಭಾನುವಾರ ಎಂದರೇನೆಂದು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ದುಃಖಕ್ಕೆ ಕಾರಣವಿಲ್ಲ, ಸುಖಕ್ಕೂ ಕಾರಣವಿಲ್ಲ. ಏನೂ ನಡೆಯುವುದಿಲ್ಲ. ಏನೂ ನಡೆಯದ್ದರಿಂದಲೇ ನಡೆದಂತೆ ಕಥೆ ಕಟ್ಟಬೇಕಾಗುತ್ತದೆ. ಈ ಹಾಸ್ಯದ ತಳದಲ್ಲಿರುವ ಒಂಟಿತನವನ್ನು ಕಲಿತು ಅಭಿನಯಿಸಲು ಬರುವುದಿಲ್ಲ, ಅನುಭವಿಸಿ ಬಂದಿರಬೇಕು.

ಇಲ್ಲಿಂದ ಮುಂದೆ ಕೆಲವು ವರ್ಷ ಈಕೆಗೆ ಹೆಸರು ಬೆಳೆಯಿತು, ಪಾತ್ರ ಬೆಳೆಯಲಿಲ್ಲ. 2011ರ 'ದಿ ಹೆಲ್ಪ್' ಚಿತ್ರದಲ್ಲಿ, 1960ರ ದಶಕದ ಮಿಸಿಸಿಪಿಯ ಜಾಕ್ಸನ್ ನಗರದಲ್ಲಿ ಬಿಳಿಯರ ಮನೆಗೆಲಸ ಮಾಡುವ ಕರಿಯ ಹೆಂಗಸರ ಬಾಳನ್ನು ಬರೆಹಕ್ಕಿಳಿಸುವ ಬಿಳಿಯ ಯುವತಿ ಸ್ಕೀಟರ್ ಆದಳು. ಚಿತ್ರ ಜನಪ್ರಿಯವಾಯಿತು, ಆಕ್ಟೇವಿಯ ಸ್ಪೆನ್ಸರ್‌ಗೆ ಆಸ್ಕರ್ ಬಂತು. ಆದರೆ ಕಥೆ ಯಾರದು, ಕೇಳಿಬರುವ ಧ್ವನಿ ಯಾರದು ಎಂಬ ಪ್ರಶ್ನೆ ಚಿತ್ರವನ್ನು ಬಿಡಲಿಲ್ಲ. ಮುಖ್ಯ ಪಾತ್ರ ವಹಿಸಿದ್ದ ವಯೋಲ ಡೇವಿಸ್ ಅವರೇ 2018ರಲ್ಲಿ, ಆ ಕೆಲಸದ ಹೆಂಗಸರ ಧ್ವನಿ ಅದರಲ್ಲಿ ಕೇಳಲಿಲ್ಲವೆಂದು ವಿಷಾದ ಸೂಚಿಸಿದರು. ಸ್ಟೋನ್ ಅಭಿನಯದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಆ ಪಾತ್ರಕ್ಕೆ ಅಳುಕಿಲ್ಲ; ತಾನು ಮಾಡುತ್ತಿರುವುದು ಸರಿಯೇ ಎಂಬ ಸಂಶಯ ಅವಳ ಮುಖದಲ್ಲಿ ಸುಳಿಯುವುದೇ ಇಲ್ಲ. ಸಂಶಯವಿಲ್ಲದ ಪಾತ್ರದಲ್ಲಿ ಈ ನಟಿ ಅರ್ಧ ಮಾತ್ರ ಬದುಕುತ್ತಾಳೆ.

2015ರ 'ಅಲೋಹ' ಇನ್ನೂ ದೊಡ್ಡ ಎಡವಟ್ಟು. ಹವಾಯಿ ದ್ವೀಪಗಳಲ್ಲಿ ನಡೆಯುವ ಕಥೆ. ಆಲಿಸನ್ ಇಂಗ್ ಎಂಬ ವಾಯುಪಡೆಯ ಅಧಿಕಾರಿಣಿ, ಕಾಲುಪಾಲು ಚೀನೀಯಳು, ಕಾಲುಪಾಲು ಹವಾಯಿಯವಳು. ಆ ಪಾತ್ರಕ್ಕೆ ಹೊಂಗೂದಲಿನ ಈಕೆ! ಟೀಕೆ ಬಂದದ್ದು ನ್ಯಾಯವಾಗಿಯೇ. ನಿರ್ದೇಶಕ ಕ್ಯಾಮರಾನ್ ಕ್ರೋ ಕ್ಷಮೆ ಕೇಳಿದ. 2019ರ ಗೋಲ್ಡನ್ ಗ್ಲೋಬ್ ಸಮಾರಂಭದಲ್ಲಿ ವೇದಿಕೆಯಿಂದ ಅದರ ಬಗ್ಗೆ ಚಟಾಕಿ ಹಾರಿದಾಗ, ಸ್ಟೋನ್ ಸಭೆಯ ನಡುವಿನಿಂದ ಕೂಗಿ ಕ್ಷಮೆ ಬೇಡಿದಳು. ಬೇರೊಬ್ಬರ ಊರನ್ನು ತನ್ನದೆಂದು ಹೇಳಹೊರಟಾಗ ಎಂಥ ಜಾಣೆಯೂ ಹೇಗೆ ಬರಿಗೈಯಾಗುತ್ತಾಳೆಂಬುದಕ್ಕೆ ಈ ಚಿತ್ರ ಸಾಕ್ಷಿ. ಅಭಿನಯ ಪರಕಾಯ ಪ್ರವೇಶವೆಂಬುದು ನಿಜ. ಹೊಕ್ಕ ಕಾಯದಲ್ಲಿ ಕಾಲೂರಲು ನೆಲವಿರಬೇಕೆಂಬುದೂ ಅಷ್ಟೇ ನಿಜ.

ಈ ಎರಡು ಚಿತ್ರಗಳ ನಡುವೆ, 2014ರಲ್ಲಿ, 'ಬರ್ಡ್‌ಮನ್' ಬಂದಿತ್ತು. ಒಂದು ಕಾಲದಲ್ಲಿ ಮೆರೆದು ಮೂಲೆಗೆ ಸೇರಿದ ನಟ ರಿಗನ್. ಮಾದಕವ್ಯಸನದಿಂದ ಹೊರಬರಲು ಹೆಣಗುತ್ತಿರುವ ಮಗಳು ಸ್ಯಾಮ್. ಒಂದೆಡೆ ಮಗಳು ಸಿಟ್ಟಿನಿಂದ ತಂದೆಯ ಮೇಲೆ ಹರಿಹಾಯುತ್ತಾಳೆ: ನೀನು ಯಾರೂ ಅಲ್ಲ, ನಿನ್ನ ನಾಟಕ ಯಾರಿಗೂ ಬೇಕಾಗಿಲ್ಲ, ಲೆಕ್ಕಕ್ಕಿಲ್ಲದವನಾಗುವ ಭಯ ನಿನಗೆ ಎಂಬ ಅರ್ಥದಲ್ಲಿ. ಮಾತು ಜೋರಾದದ್ದೇ, ಯಾವ ನುರಿತ ನಟಿಯೂ ಅದನ್ನು ಹೇಳಿಯಾಳು. ಆದರೆ ಮಾತು ಮುಗಿದ ಮೇಲೆ ಕ್ಯಾಮೆರಾ ಅವಳ ಮುಖವನ್ನು ಬಿಟ್ಟು ಕದಲುವುದಿಲ್ಲ. ಬಿಗಿದ ದವಡೆ ಸಡಿಲುತ್ತದೆ. ಕಣ್ಣಿನಲ್ಲಿದ್ದ ಬೆಂಕಿ ನೀರಿಲ್ಲದೆ ಆರುತ್ತದೆ. ತಾನು ಏನು ಮಾಡಿಬಿಟ್ಟೆನೆಂಬ ಅರಿವು, ಪಶ್ಚಾತ್ತಾಪ, ಅದನ್ನು ಹೇಳಲಾರದ ಸಂಕೋಚ ಒಂದಾದ ಮೇಲೊಂದರಂತೆ ಹಾದುಹೋಗುತ್ತವೆ. ಭರತಮುನಿ ನಾಲ್ಕು ಬಗೆಯ ಅಭಿನಯಗಳನ್ನು ಎಣಿಸಿ, ಸಾತ್ವಿಕಕ್ಕೆ ಮೇಲಿನ ಸ್ಥಾನ ಕೊಟ್ಟದ್ದು ಏಕೆಂದು ತಿಳಿಯಬೇಕಾದವರು ಆ ಕೆಲವು ಕ್ಷಣಗಳನ್ನು ನೋಡಬೇಕು. ವಾಚಿಕ ನಿಂತ ಮೇಲೆ ಅಲ್ಲಿ ನಟನೆ ಶುರುವಾಗುತ್ತದೆ. 'ದೊಡ್ಡ ಕಣ್ಣು' ಎಂದು ನಾನು ಹಗುರವಾಗಿ ಆಡಿದ್ದೆನಲ್ಲ, ಆ ಕಣ್ಣಿನ ಕೆಲಸ ಇದು. ಚಿತ್ರದ ಕೊನೆಯ ನೋಟವೂ ಅವಳದೇ. ಕಿಟಕಿಯಿಂದ ಕೆಳಗೆ ನೋಡಿ, ಬಳಿಕ ಮೇಲೆ ನೋಡಿ ಅರಳುವ ಆ ಮುಖದಲ್ಲಿ ನಾವು ಕಾಣದ್ದನ್ನು ಅವಳು ಕಾಣುತ್ತಾಳೆ. ಏನು ಕಂಡಳೆಂದು ಚಿತ್ರ ತೋರಿಸುವುದಿಲ್ಲ. ಕಂಡಳೆಂಬುದನ್ನು ನಾವು ನಂಬುತ್ತೇವೆ.

ಈಗ 'ಲಾ ಲಾ ಲ್ಯಾಂಡ್'. ಸ್ಟುಡಿಯೋ ಆವರಣದ ಕಾಫಿ ಅಂಗಡಿಯಲ್ಲಿ ದುಡಿಯುತ್ತ ಆಡಿಷನ್ನುಗಳಿಗೆ ಅಲೆಯುವ ಹುಡುಗಿ ಮಿಯಾ, ಜಾಝ್ ಸಂಗೀತದ ಹುಚ್ಚಿನ ಸೆಬಾಸ್ಟಿಯನ್, ಇವರ ಪ್ರೇಮ ಮತ್ತು ಅಗಲಿಕೆ ಇದರ ಕಥೆ. ಚಿತ್ರದ ಮೊದಲಲ್ಲಿ ಒಂದು ಆಡಿಷನ್ ಇದೆ. ಅಂಗಿಯ ಮೇಲೆ ಚೆಲ್ಲಿದ ಕಾಫಿಯ ಕಲೆಯನ್ನು ಮೇಲಂಗಿಯಿಂದ ಮುಚ್ಚಿಕೊಂಡು ಬಂದ ಮಿಯಾ ಕಣ್ಣೀರು ತಂದುಕೊಂಡು ಸಂಭಾಷಣೆ ಹೇಳುತ್ತಿರುವಾಗಲೇ ಯಾರೋ ಅಡ್ಡ ಬರುತ್ತಾರೆ. ತೀರ್ಪುಗಾರರ ಗಮನ ಅತ್ತ ಹೋಗುತ್ತದೆ. ಕಣ್ಣೀರು ಕಣ್ಣಿನಲ್ಲೇ ನಿಂತಿದೆ. ಅದನ್ನು ಏನು ಮಾಡಬೇಕೆಂದು ಹುಡುಗಿಗೆ ತೋಚದು. ಈ ಅವಮಾನವನ್ನು ನಟಿಸಿದವಳು ಹದಿನೈದರಿಂದ ಅದನ್ನು ಉಂಡವಳೆಂದು ಗೊತ್ತಿದ್ದರೆ ದೃಶ್ಯದ ತೂಕ ಹೆಚ್ಚುತ್ತದೆ.

ನನ್ನ ಅಕ್ಕನ ಮಗಳು ಕೇಳಿದ ಭಾಗ ಇದರ ಮುಂದಿನದು. ಮಿಯಾ ನೆವಾಡದ ಬೋಲ್ಡರ್ ಸಿಟಿಯವಳು. ಅದೂ ಮರುಭೂಮಿಯ ಊರೇ. 1930ರ ದಶಕದಲ್ಲಿ ಹೂವರ್ ಅಣೆಕಟ್ಟೆಯ ಕೆಲಸಗಾರರಿಗೆಂದು ಕಟ್ಟಿದ್ದು. ಯಾರೂ ಪಾತ್ರ ಕೊಡದಿದ್ದಾಗ ಮಿಯಾ ತಾನೇ ಒಂದು ಏಕವ್ಯಕ್ತಿ ನಾಟಕ ಬರೆಯುತ್ತಾಳೆ. ಅದರ ವಸ್ತು ಆ ಊರು. ಹೆಸರಿನಲ್ಲೇ ಊರಿಗೆ ವಿದಾಯವಿದೆ. ಬೆರಳೆಣಿಕೆಯ ಜನ ಬರುತ್ತಾರೆ. ಅವರ ಕೊಂಕುಮಾತು ತೆರೆಯ ಹಿಂದಿದ್ದ ಅವಳ ಕಿವಿಗೆ ಬೀಳುತ್ತದೆ. ಊರಿಗೆ ವಿದಾಯ ಹೇಳಿದ ನಾಟಕವೇ ಅವಳನ್ನು ಊರಿಗೆ ಅಟ್ಟುತ್ತದೆ. ಸೆಬಾಸ್ಟಿಯನ್ ಹುಡುಕಿಕೊಂಡು ಬರುವುದು ಪುಸ್ತಕ ಭಂಡಾರದ ಎದುರಿನ ಮನೆಗೆ. ಎಂದೋ ಮಾತಿನ ನಡುವೆ ಆಕೆ ಹೇಳಿದ್ದ ಗುರುತು ಅದು. ತನಗೆ ಪ್ರತಿಭೆ ಸಾಲದೇನೋ ಎಂದು ಮಿಯಾ ಅವನೆದುರು ಹೇಳುವಾಗ ಸ್ಟೋನ್ ಅಳು ಉಕ್ಕಿಸುವುದಿಲ್ಲ. ಮಕ್ಕಳು ಕೆಟ್ಟ ಅಂಕಪಟ್ಟಿಯನ್ನು ಮನೆಯಲ್ಲಿ ತೋರಿಸುವಾಗಿನ ಧ್ವನಿ ಅದು. ಇಲ್ಲಿ ಒಡಕು ಕಂಠ ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ. ಹಟ ಸವೆದ ಜಾಗ ಅಲ್ಲಿ ಕೇಳುತ್ತದೆ. ಬಣ್ಣ, ಬೆಳಕು, ವಾದ್ಯಗಳ ಚಿತ್ರದಲ್ಲಿ ಈ ಭಾಗಕ್ಕೆ ಬಣ್ಣವೂ ಇಲ್ಲ, ವಾದ್ಯವೂ ಇಲ್ಲ. ನಾನು ನೋಡದೆ ಹೋದದ್ದು ಅದಕ್ಕೇ ಇರಬಹುದು. ಕೊನೆಯ ಆಡಿಷನ್ನಿನಲ್ಲಿ ಒಂದು ಕಥೆ ಹೇಳೆಂದಾಗ ಮಿಯಾ ಹೇಳುವುದು ಪ್ಯಾರಿಸ್ಸಿನಲ್ಲಿದ್ದ ತನ್ನ ಚಿಕ್ಕಮ್ಮನ ಕಥೆ. ಬರೆದುಕೊಟ್ಟ ಮಾತು ಬಿಟ್ಟು ಮನೆಯ ಮಾತು ಹೇಳಿದಾಗ ಬಾಗಿಲು ತೆರೆಯುತ್ತದೆ.

ಈ ಪಾತ್ರಕ್ಕೆ 2017ರಲ್ಲಿ ಆಸ್ಕರ್ ಬಂತು. ಆ ರಾತ್ರಿ ಅತ್ಯುತ್ತಮ ಚಿತ್ರವನ್ನು ಸಾರುವವರ ಕೈಗೆ ಈಕೆಯ ಪಾರಿತೋಷಕದ ಲಕೋಟೆಯ ಇನ್ನೊಂದು ಪ್ರತಿ ಸೇರಿ, 'ಮೂನ್‌ಲೈಟ್' ಎನ್ನಬೇಕಾದಲ್ಲಿ 'ಲಾ ಲಾ ಲ್ಯಾಂಡ್' ಎಂದು ಕೂಗಿ, ಅನಂತರ ತಿದ್ದಿಕೊಂಡದ್ದು ಜಗತ್ತೇ ಕಂಡ ಫಜೀತಿ. ಕೊಟ್ಟು ಕಿತ್ತುಕೊಂಡ ತೀರ್ಪು! ಮಿಯಾಳ ಕಥೆಗೆ ಇದಕ್ಕಿಂತ ತಕ್ಕ ಉಪಸಂಹಾರವನ್ನು ಯಾವ ಕವಿಯೂ ಕಲ್ಪಿಸಲಾರ.

ಗೆದ್ದವರು ಗೆದ್ದದ್ದನ್ನೇ ಮತ್ತೆ ಮತ್ತೆ ಮಾರುವುದು ಬೆಳ್ಳಿತೆರೆಯ ಲೋಕರೂಢಿ. ಈಕೆ ಹಾಗೆ ಮಾಡಲಿಲ್ಲ. ಗ್ರೀಸ್ ದೇಶದ ನಿರ್ದೇಶಕ ಯೋರ್ಗೊಸ್ ಲಾಂತಿಮೊಸ್‌ನೊಡನೆ ಸೇರಿ 2018ರಲ್ಲಿ 'ದಿ ಫೇವರಿಟ್' ಮಾಡಿದಳು. ಇಂಗ್ಲೆಂಡಿನ ರಾಣಿ ಆ್ಯನ್ನಳ ಅರಮನೆಗೆ ಕೆಸರಿನಲ್ಲಿ ಬಿದ್ದು ಬಂದ ಬಡ ನೆಂಟಸ್ತಿಕೆಯ ಅಬಿಗೇಲ್, ಅಡುಗೆಮನೆಯ ಗೇಯ್ಮೆಯಿಂದ ರಾಣಿಯ ಶಯನಾಗಾರದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾಳೆ. ಇವಳೂ ಆಡಿಷನ್ ಕೊಡುವವಳೇ. ಎದುರಿಗಿರುವ ತೀರ್ಪುಗಾರಳು ರಾಣಿ ಎಂಬುದಷ್ಟೇ ಭೇದ. ಮಿಯಾಳನ್ನು ನಾವು ಹರಸಿದ್ದೆವು. ಅದೇ ಕಣ್ಣು, ಅದೇ ನಗು, ಅದೇ ಶ್ರದ್ಧೆ ಅಬಿಗೇಲಳಲ್ಲಿ ನಮ್ಮನ್ನು ನಡುಗಿಸುತ್ತವೆ. ಒಪ್ಪಿಗೆಯ ಹಸಿವು ಒಂದು ಹದ ಮೀರಿದರೆ ಏನಾಗುತ್ತದೆಂದು ನಟಿ ತನ್ನ ಹಿಂದಿನ ಪಾತ್ರಗಳನ್ನೇ ತಿರುವಿ ತೋರಿಸಿದ್ದಾಳೆ. ಎಲ್ಲ ಗೆದ್ದ ಮೇಲೆ ಸುಮ್ಮನೆ, ಬೇಸರ ಕಳೆಯಲು, ರಾಣಿಯ ಮುದ್ದಿನ ಮೊಲವೊಂದನ್ನು ಪಾದದಡಿ ಒತ್ತುತ್ತಾಳೆ. ರಾಣಿ ಕಾಣುತ್ತಾಳೆ, ಕಾಲೊತ್ತೆಂದು ಆಜ್ಞೆ ಮಾಡಿ, ಅವಳ ತಲೆಗೂದಲ ಮೇಲೆ ಕೈಯೂರುತ್ತಾಳೆ. ಗೆದ್ದವಳು ಕೊನೆಗೂ ಕಾಲ ಬುಡದಲ್ಲೇ.

2023ರ 'ಪೂರ್ ಥಿಂಗ್ಸ್' ಬಗ್ಗೆ ವಿವಾದ ಬಹಳವಾಯಿತು. ನೀರಿಗೆ ಬಿದ್ದು ಸತ್ತ ಹೆಂಗಸಿನ ದೇಹಕ್ಕೆ ಅವಳ ಬಸಿರಿನ ಕೂಸಿನ ಮೆದುಳನ್ನೇ ಇಟ್ಟು ವೈದ್ಯನೊಬ್ಬ ಎಬ್ಬಿಸಿದ ಜೀವ ಬೆಲ್ಲಾ. ಬೆಳೆದ ಮೈ, ಎಳೆಯ ಬುದ್ಧಿ. ಇವಳು ಲಿಸ್ಬನ್, ಅಲೆಕ್ಸಾಂಡ್ರಿಯ, ಪ್ಯಾರಿಸ್ ಸುತ್ತಿ ಮನುಷ್ಯಳಾಗುತ್ತಾಳೆ. ದಾರಿಯಲ್ಲಿ ಮೈಯ ಸುಖವನ್ನು ಸಂಕೋಚವಿಲ್ಲದೆ ಅರಸುತ್ತಾಳೆ. ಇಷ್ಟೊಂದು ನಗ್ನತೆ ಬೇಕಿತ್ತೆ, ಗಂಡಸರ ಕಲ್ಪನೆಗೆ ಸ್ತ್ರೀಸ್ವಾತಂತ್ರ್ಯದ ಹೆಸರಿಟ್ಟಂತಾಗಲಿಲ್ಲವೆ ಎಂದು ಕೇಳಿದವರನ್ನು ಮಡಿವಂತರೆಂದು ತಳ್ಳಿಹಾಕುವುದು ಅನ್ಯಾಯ. ಪ್ರಶ್ನೆ ನಿಜವಾದದ್ದು.

ಅದಕ್ಕೆ ಒಂದು ಉತ್ತರ, ಈಕೆ ಆ ಚಿತ್ರದ ನಿರ್ಮಾಪಕರಲ್ಲೂ ಒಬ್ಬಳೆಂಬುದು. ಏನು ತೋರಿಸಬೇಕು, ಎಷ್ಟು ತೋರಿಸಬೇಕೆಂಬುದರಲ್ಲಿ ಆಕೆಯ ಮಾತಿಗೂ ತೂಕವಿತ್ತು. ಎರಡನೆಯ ಉತ್ತರ ಅಭಿನಯದಲ್ಲಿಯೇ ಇದೆ. ಮೊದಲಲ್ಲಿ ಮೊಣಕಾಲು ಮಡಿಸಲರಿಯದ ಗೊಂಬೆಯ ನಡಿಗೆ. ಎರಡು ಮೂರು ಪದಗಳ ಮಾತು. ಕೊನೆಯ ಹೊತ್ತಿಗೆ ನೆಟ್ಟಗಿನ ನಡಿಗೆ, ಪೂರ್ಣ ವಾಕ್ಯ. ನಡುವಿನ ಮೆಟ್ಟಿಲುಗಳಲ್ಲಿ ಒಂದನ್ನೂ ಹಾರದೆ ಆಂಗಿಕವನ್ನೂ ವಾಚಿಕವನ್ನೂ ಜೊತೆಜೊತೆಯಾಗಿ ಬೆಳೆಸಿದ್ದಾಳೆ. ಅಲೆಕ್ಸಾಂಡ್ರಿಯದಲ್ಲಿ ಬಡವರು ಸಾಯುತ್ತಿರುವುದನ್ನು ಎತ್ತರದಿಂದ ಕಂಡು ಬೆಲ್ಲಾ ಗೋಳಾಡುವ ಅಳು ಕೂಸಿನದೂ ಹೌದು, ಜ್ಞಾನಿಯದೂ ಹೌದು. ಬೆಲ್ಲಾಳ ವೈಶಿಷ್ಟ್ಯವೆಂದರೆ ಅವಳಿಗೆ ಯಾರ ಒಪ್ಪಿಗೆಯೂ ಬೇಕಿಲ್ಲ. ಆಡಿಷನ್ ಕೊಡದ ಮೊದಲ ಪಾತ್ರ ಇದು. ಬಾಳೆಲ್ಲ ತೀರ್ಪಿಗೆ ಕಾದವಳು ಒಮ್ಮೆಯಾದರೂ ಕಂಡಿರಬೇಕಾದ ಕನಸು. ಈ ಪಾತ್ರಕ್ಕೆ 2024ರಲ್ಲಿ ಎರಡನೆಯ ಆಸ್ಕರ್ ಸಂದಿತು.

ಆದರೂ ನನಗೊಂದು ತಕರಾರಿದೆ. ಇದಕ್ಕೆ ಮೂಲವಾದ ಅಲಸ್ಡೇರ್ ಗ್ರೇಯ 1992ರ ಕಾದಂಬರಿಯಲ್ಲಿ ಗಂಡ ಬರೆದ ಅದ್ಭುತ ಕಥೆ ಮುಗಿದ ಮೇಲೆ ಹೆಂಡತಿಯ ಕಾಗದವೊಂದು ಬರುತ್ತದೆ. ಗಂಡ ಬರೆದದ್ದೆಲ್ಲ ಕಟ್ಟುಕಥೆ, ನಾನು ಸಾಮಾನ್ಯ ಹೆಂಗಸು, ನನ್ನ ಬಾಳೇ ಬೇರೆ ಎಂಬುದು ಅದರ ಸಾರ. ಚಿತ್ರ ಆ ಕಾಗದವನ್ನು ಕೈಬಿಟ್ಟಿದೆ. ಅದ್ಭುತ ಉಳಿಯಿತು, ಸಾಮಾನ್ಯಳು ಹೋದಳು. ಸಾಮಾನ್ಯಳ ಕಾಗದವನ್ನು ಓದಬಲ್ಲ ಕಂಠ ಈಕೆಯದೇ ಆಗಿದ್ದಿತು. ಓದಗೊಡಲಿಲ್ಲವಲ್ಲ ಎಂಬುದು ನನ್ನ ಕೊರಗು.

ಆ ಕೊರಗಿಗೆ ಪರಿಹಾರ ದೊರೆತದ್ದು ಇನ್ನೊಂದೆಡೆ. 2023ರ ಕೊನೆಯಿಂದ 2024ರ ಜನವರಿಯವರೆಗೆ ಹತ್ತು ಕಂತುಗಳಲ್ಲಿ ಬಂದ 'ದಿ ಕರ್ಸ್' ಎಂಬ ಟೆಲಿವಿಷನ್ ಧಾರಾವಾಹಿಯನ್ನು ನಮ್ಮಲ್ಲಿ ನೋಡಿದವರು ಕಡಿಮೆ. ಅರಿಜೋನದ ನೆರೆಯ ನ್ಯೂ ಮೆಕ್ಸಿಕೋದ ಎಸ್ಪಾನ್ಯೋಲ ಎಂಬ ಬಡ ಊರಿನಲ್ಲಿ ಕನ್ನಡಿ ಹೊದಿಸಿದ ಮನೆಗಳನ್ನು ಕಟ್ಟಿ, ಅದನ್ನು ಲೋಕೋಪಕಾರವೆಂದು ಟೆಲಿವಿಷನ್ನಿನಲ್ಲಿ ತೋರಿಸಹೊರಟ ವಿಟ್ನಿ ಇದರ ನಾಯಕಿ. ಬಡವರ ಬಾಡಿಗೆ ಮನೆಗಳಿಂದ ತಂದೆತಾಯಿ ಗಳಿಸಿದ ಹಣವೇ ಇವಳ ಬುನಾದಿ. ಅದನ್ನು ಮುಚ್ಚಿಡಲು ಹುಟ್ಟುಹೆಸರನ್ನೇ ಬಿಟ್ಟಿದ್ದಾಳೆ. ಅಂಗಡಿಯಲ್ಲಿ ಬಟ್ಟೆ ಕದ್ದವರನ್ನು ಹಿಡಿಸಬೇಡಿ, ಬೆಲೆ ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ ಎನ್ನುತ್ತಾಳೆ. ಇದು ದಯೆಯೋ, ದಯೆಯ ಪ್ರದರ್ಶನವೋ? ಅವಳಿಗೂ ತಿಳಿಯದು. ಒಂದು ರಾತ್ರಿ ಬಿಗಿಯಾದ ಸ್ವೆಟರು ಕುತ್ತಿಗೆಯಲ್ಲಿ ಸಿಕ್ಕಿಕೊಂಡು ಗಂಡಹೆಂಡತಿ ಮನಸಾರೆ ನಗುತ್ತಾರೆ. ನಗು ಚೆನ್ನಾಗಿತ್ತು, ಫೋನಿನಲ್ಲಿ ಚಿತ್ರ ತೆಗೆಯೋಣ ಎಂದು ಮತ್ತೆ ಅದನ್ನೇ ಮಾಡಹೊರಡುತ್ತಾರೆ. ನಗು ಬರುವುದಿಲ್ಲ, ಜಗಳ ಬರುತ್ತದೆ.

ಅಪ್ಪಟ ನಗುವಿಗೂ ಅದರ ನಕಲಿಗೂ ಇರುವ ಕೂದಲೆಳೆಯ ಅಂತರವನ್ನು ಒಂದೇ ಮುಖದಲ್ಲಿ, ಒಂದೇ ದೃಶ್ಯದಲ್ಲಿ ತೋರಿಸುವುದು ಆಟವಲ್ಲ. ಸ್ಕಾಟ್ಸ್‌ಡೇಲ್ ಇಲ್ಲಿ ಸಂಪೂರ್ಣವಾಗಿ ಮರಳಿ ಬಂದಿದೆ: ಮರುಭೂಮಿ, ಹೊಸ ಮನೆಗಳು, ಗುತ್ತಿಗೆ, ಒಳ್ಳೆಯವರೆನಿಸಿಕೊಳ್ಳುವ ಹಂಬಲ. ಆಲಿವ್ ತನ್ನನ್ನು ಕೆಟ್ಟವಳೆಂದು ಬಿಂಬಿಸಿಕೊಂಡಳು, ವಿಟ್ನಿ ಒಳ್ಳೆಯವಳೆಂದು. ಇಬ್ಬರಿಗೂ ಕ್ಯಾಮೆರಾ ಬೇಕು. ಸ್ಕೀಟರ್ ಪಾತ್ರದಲ್ಲಿ ಇಲ್ಲದ ಅಳುಕೆಲ್ಲ ವಿಟ್ನಿಯಲ್ಲಿ ತುಂಬಿ ತುಳುಕುತ್ತಿದೆ. 'ದಿ ಹೆಲ್ಪ್'ನ ಋಣವನ್ನು ಹನ್ನೆರಡು ವರ್ಷಗಳ ಮೇಲೆ ಬಡ್ಡಿಸಹಿತ ತೀರಿಸಿದಂತಾಯಿತು. ಈಕೆಯ ಶ್ರೇಷ್ಠ ಕೃತಿ ಯಾವುದೆಂದು ಕೇಳಿದರೆ ಪಾರಿತೋಷಕ ಬಂದ ಎರಡನ್ನೂ ಬದಿಗಿಟ್ಟು ನಾನು ಇದನ್ನು ಹೆಸರಿಸುತ್ತೇನೆ.

ಇನ್ನು ಭಯದ ಮಾತು. ಲಾಂತಿಮೊಸ್‌ನೊಡನೆ 2024ರಲ್ಲಿ 'ಕೈಂಡ್ಸ್ ಆಫ್ ಕೈಂಡ್‌ನೆಸ್', 2025ರಲ್ಲಿ 'ಬುಗೋನಿಯ' ಸೇರಿ ಈಕೆಯ ಪೂರ್ಣ ಚಿತ್ರಗಳು ನಾಲ್ಕಾದವು. 'ಬುಗೋನಿಯ'ದಲ್ಲಿ ಔಷಧ ಕಂಪೆನಿಯ ಒಡತಿಯೊಬ್ಬಳನ್ನು ಅನ್ಯಗ್ರಹದವಳೆಂದು ನಂಬಿದ ಇಬ್ಬರು ಹೊತ್ತೊಯ್ದು ತಲೆ ಬೋಳಿಸುತ್ತಾರೆ. ಕೆಂಗೂದಲಿನಿಂದ ಹೆಸರಾದವಳು ಬೋಳುತಲೆಯಲ್ಲಿ, ಕಚೇರಿಯ ನಯಮಾತು ಬಿಟ್ಟು ಬೇರೆ ಆಯುಧವಿಲ್ಲದೆ ಪ್ರಾಣಕ್ಕಾಗಿ ವಾದ ಮಂಡಿಸುತ್ತಾಳೆ. ಪವರ್‌ಪಾಯಿಂಟಿನ ಹುಡುಗಿ ಇಲ್ಲಿಯೂ ಇದ್ದಾಳೆಂದು ನನಗೆ ನಗು ಬಂತು. ಮರುಕ್ಷಣ ಮೈ ಜುಮ್ಮೆಂದಿತು. ಕೆಲಸ ಅದ್ಭುತವಾದದ್ದು. ಆದರೆ ಒಬ್ಬನೇ ಶಿಲ್ಪಿಯ ಉಳಿಗೆ ಪದೇ ಪದೇ ಒಡ್ಡಿಕೊಂಡ ಕಲ್ಲು ಅವನ ಶೈಲಿಯನ್ನೇ ತನ್ನ ಗುಣವೆಂದು ಭ್ರಮಿಸುವ ಅಪಾಯವಿದೆ. ವಿಚಿತ್ರ ಜೀವಿಗಳನ್ನು ನಟಿಸುವವರು ಬೇರೆಯೂ ಇದ್ದಾರು. ಏನೂ ನಡ���ಯದ ಭಾನುವಾರವನ್ನು ನಟಿಸಬಲ್ಲವರು ವಿರಳ. ಆ ಭಾನುವಾರವನ್ನು ಈಕೆ ಬಿಟ್ಟುಕೊಡಬಾರದು.

ಬಿಟ್ಟುಕೊಡುವುದಿಲ್ಲವೆಂಬ ನಂಬಿಕೆಗೆ ಒಂದು ಸಣ್ಣ ಆಧಾರವಿದೆ. ನಟರ ಸಂಘದ ಪಟ್ಟಿಯಲ್ಲಿ ಎಮಿಲಿ ಸ್ಟೋನ್ ಎಂಬ ಹೆಸರು ಆಗಲೇ ಇದ್ದುದರಿಂದ ಈಕೆ ಎಮ್ಮಾ ಆದವಳು. 2024ರಲ್ಲಿ, ಜನ ತನ್ನನ್ನು ಎಮಿಲಿ ಎಂದು ಕರೆದರೆ ಸಂತೋಷವೆಂದು ಆಕೆ ಹೇಳಿದಳು. ಎರಡು ಆಸ್ಕರ್‌ಗಳ ಮೇಲೆ ಕೆತ್ತಿದ ಹೆಸರು ಇರುವಾಗ ಬೇಕೆನಿಸುವುದು ಊರಿನಲ್ಲಿ ಕರೆಯುತ್ತಿದ್ದ ಹೆಸರು.

ಈ ಲೇಖನ ಬರೆದು ಮುಗಿಸಿದ ಮೇಲೆ ಅಕ್ಕನ ಮಗಳಿಗೆ ಫೋನು ಮಾಡಿ, "ಆ ಭಾಗ ಈಗ ಸರಿಯಾಗಿ ನೋಡಿದೆ ಕಣಮ್ಮ" ಎಂದೆ. ಅವಳಿಗೆ ಯಾವ ಭಾಗವೆಂದು ನೆನಪಿರಲಿಲ್ಲ. ನೆನಪಿಸಿದೆ. "ಅದಕ್ಕೆ ಇಷ್ಟು ವರ್ಷ ಬೇಕಾಯ್ತಾ ಮಾವ?" ಎಂದು ನಕ್ಕಳು. ಬೇಕಾಯಿತೆಂದು ಒಪ್ಪಿಕೊಂಡೆ.